ತೈಲಬಾವಿಗೆ ಕಾವಲು: ಓದುಗರ ಪ್ರಶ್ನೆಗಳು

ಕಳೆದ ಸಂಚಿಕೆಯಲ್ಲಿ 1951ರ ಅಬಾದಾನ್ ಬಿಕ್ಕಟ್ಟಿನ ಪ್ರಸ್ತಾಪ ಬಂದಿತ್ತು (ಇರಾನ್ ತನ್ನ ತೈಲವನ್ನು ರಾಷ್ಟ್ರೀಕರಣ ಮಾಡಿದಾಗ, ಬ್ರಿಟಿಷ್ ಕಂಪನಿಯ ಅಬಾದಾನ್ ತೈಲ ರಿಫೈನರಿಯ ಸುತ್ತ ಎದ್ದ ಜಗಳ). ಪರ್ಷಿಯಾದ (ಇಂದಿನ ಇರಾನ್) ಎಣ್ಣೆಯನ್ನು ಬ್ರಿಟಿಷ್ ಸಾಮ್ರಾಜ್ಯ ಹೇಗೆ ಕಾಯುತ್ತಿತ್ತು ಎಂದು ಕೇಳಿ ಬಂದ ಪತ್ರಗಳಿಂದ ಆಯ್ದ ಪ್ರಶ್ನೆಗಳು ಇಲ್ಲಿವೆ.

ಪ್ರಶ್ನೆ: 1914ರಲ್ಲಿ ಭಾರತೀಯ ಸೈನ್ಯವನ್ನು ತುರ್ಕರ ಕೈಯಲ್ಲಿದ್ದ ಬಸ್ರಾಕ್ಕೆ ಕಳಿಸಿದ್ದು ಎಣ್ಣೆಗಾಗಿಯೇ?

ಉತ್ತರ: ಹೌದು ಎಂದಷ್ಟೇ ಹೇಳಿದರೆ ಅರ್ಧ ಸತ್ಯವಾಗುತ್ತದೆ. 1914ರ ಜೂನ್‌ನಲ್ಲಿ ಬ್ರಿಟಿಷ್ ಸರ್ಕಾರ 22 ಲಕ್ಷ ಪೌಂಡ್ ಹಾಕಿ ಆಂಗ್ಲೋ-ಪರ್ಷಿಯನ್ ಆಯಿಲ್ ಕಂಪನಿಯ ಶೇ. 51ರಷ್ಟು ಪಾಲು ಕೊಂಡಿತು. ಈ ವ್ಯವಹಾರವನ್ನು ಹಟ ಹಿಡಿದು ಮಾಡಿಸಿದ ನೌಕಾ ಸಚಿವ ಚರ್ಚಿಲ್, ಯುದ್ಧ ಶುರುವಾದ ಮೇಲೆ, ಸೆಪ್ಟೆಂಬರ್‌ನಲ್ಲಿ, ಪರ್ಷಿಯಾಕ್ಕೆ ಕಳಿಸಲು ಸೈನ್ಯ ಸಿಗುವ ಸಂಭವ ಕಡಿಮೆ, ಎಣ್ಣೆಯನ್ನು ಬೇರೆ ಕಡೆಯಿಂದ ಕೊಂಡರಾಯಿತು ಎಂದು ಟಿಪ್ಪಣಿ ಬರೆದರು! ಸೈನ್ಯ ಕಳಿಸಲೇಬೇಕೆಂದು ಒತ್ತಾಯಿಸಿದ್ದು ಲಂಡನ್ನಿನಲ್ಲಿ ಭಾರತದ ಆಡಳಿತ ನೋಡುತ್ತಿದ್ದ ಇಂಡಿಯಾ ಆಫೀಸ್. ಅವರ ವಾದದಲ್ಲಿ ಎಣ್ಣೆಯೂ ಇತ್ತು. ಆದರೆ ಕೊಲ್ಲಿಯ ಅರಬ್ ಶೇಖ್‌ಗಳು ತುರ್ಕರ ಕಡೆ ವಾಲಬಾರದು ಎಂಬ ಚಿಂತೆ ಅದಕ್ಕಿಂತ ದೊಡ್ಡದಾಗಿತ್ತು.

ಪೂನಾ ಡಿವಿಷನ್‌ನ 16ನೇ ಬ್ರಿಗೇಡ್ ಅಕ್ಟೋಬರ್ 16ರಂದು ಮುಂಬಯಿ ಬಿಟ್ಟು, 23ರ ಹೊತ್ತಿಗೆ ಬಹ್ರೇನ್ ಬಳಿ ಬಂದು ಹಡಗುಗಳಲ್ಲೇ ಕಾದು ಕೂತಿತು. ತುರ್ಕಿಯ ಮೇಲೆ ಯುದ್ಧ ಘೋಷಣೆಯಾದದ್ದು ನವೆಂಬರ್ 5ರಂದು. ಮಾರನೆಯ ದಿನವೇ ಶತ್ ಅಲ್-ಅರಬ್ ನದಿಯ ಬಾಯಲ್ಲಿರುವ ಫಾವ್‌ನಲ್ಲಿ ಸೈನಿಕರು ಇಳಿದರು. ಆ ತಿಂಗಳು ಮುಗಿಯುವಷ್ಟರಲ್ಲಿ ಬಸ್ರಾ ಕೈಗೆ ಬಂತು. ಅಬಾದಾನ್ ರಿಫೈನರಿಯ ಮಟ್ಟಿಗೆ ಕೆಲಸ ಅಲ್ಲಿಗೆ ಮುಗಿದಿತ್ತು. ಮುಂದೆ ಟೈಗ್ರಿಸ್ ದಂಡೆಯ ಕುತ್‌ವರೆಗೆ ಹೋಗಿ 1916ರ ಏಪ್ರಿಲ್‌ನಲ್ಲಿ ತುರ್ಕರಿಗೆ ಶರಣಾದ ಕಥೆಗೆ ಎಣ್ಣೆಯ ನೆಪ ಹೊಂದುವುದಿಲ್ಲ.

ಪ್ರಶ್ನೆ: ಒಂದು ತೈಲಕ್ಷೇತ್ರ ಕಾಯಲು ಎಷ್ಟು ಸೈನಿಕರು ಬೇಕು?

ಉತ್ತರ: ತೈಲಕ್ಷೇತ್ರ ಎಂದರೆ ಒಂದು ಜಾಗವಲ್ಲ, ಒಂದು ಸರಪಳಿ. ಬಾವಿ, ಪಂಪಿಂಗ್ ಸ್ಟೇಷನ್, ಕೊಳವೆ, ರಿಫೈನರಿ, ಜೆಟ್ಟಿ, ಕೊನೆಗೆ ನದಿಯ ಬಾಯಲ್ಲಿರುವ ಮರಳು ದಿಬ್ಬ. ದೊಡ್ಡ ಹಡಗುಗಳು ಉಬ್ಬರದ ಹೊತ್ತು ನೋಡಿಕೊಂಡೇ ಅದನ್ನು ದಾಟಬೇಕು. ಇದರಲ್ಲಿ ಯಾವ ಕೊಂಡಿ ಕಳಚಿದರೂ ಉಳಿದದ್ದೆಲ್ಲ ನಿಂತಂತೆ.

ಬಾವಿ ಮತ್ತು ರಿಫೈನರಿಗಳನ್ನು ಕಾಯುವುದು ಸುಲಭ, ಅವು ಒಂದೇ ಕಡೆ ಇರುತ್ತವೆ. 1908ರ ಆರಂಭದಲ್ಲಿ ಪರ್ಷಿಯಾದ ಮಸ್ಜಿದ್ ಸುಲೇಮಾನ್‌ನಲ್ಲಿ ಬಾವಿ ಕೊರೆಯುವವರ ಕಾವಲಿಗಿದ್ದದ್ದು ಲೆಫ್ಟಿನೆಂಟ್ ಆರ್ನಾಲ್ಡ್ ವಿಲ್ಸನ್ ಕೈಕೆಳಗಿನ ಸುಮಾರು 20 ಬೆಂಗಾಲ್ ಲ್ಯಾನ್ಸರ್ ಕುದುರೆ ಸವಾರರು ಮಾತ್ರ. ಕಾಗದದ ಮೇಲೆ ಅವರು ಅಹ್ವಾಜ್ ಕಾನ್ಸುಲೇಟಿನ ರಕ್ಷಕರು.

ಕಷ್ಟವೆಲ್ಲ ಕೊಳವೆಯದು. ಮಸ್ಜಿದ್ ಸುಲೇಮಾನ್‌ನಿಂದ ಅಬಾದಾನ್‌ಗೆ ಸುಮಾರು 220 ಕಿ.ಮೀ. ಒಂದು ಲೆಕ್ಕ ಹಾಕಿ: ಎರಡು ಕಿ.ಮೀ.ಗೊಂದು ಠಾಣೆ, ಠಾಣೆಗೆ 12 ಜನ. 110 ಠಾಣೆಗೆ 1,320 ಜನ. ಆಗಿನ ಭಾರತೀಯ ಪದಾತಿ ಬೆಟಾಲಿಯನ್‌ನಲ್ಲಿ ಸುಮಾರು 750 ಜನ ಇರುತ್ತಿದ್ದರು. ಅಂದರೆ ಹೆಚ್ಚುಕಡಿಮೆ ಎರಡು ಬೆಟಾಲಿಯನ್ ಕದಲದೆ ನಿಂತಿರಬೇಕು. ಇದರಲ್ಲಿ ರಜೆ, ಕಾಯಿಲೆ, ಪಾಳಿ ಬದಲಾವಣೆ ಸೇರಿಲ್ಲ. ನೀರು-ದಿನಸಿ ಹೊರುವ ಹೇಸರಗತ್ತೆಗಳಿಗೆ ಬೇರೆ ಕಾವಲು ಬೇಕು. ಇಷ್ಟಾದರೂ ಎರಡು ಠಾಣೆಗಳ ನಡುವಿನ ಕತ್ತಲಿಗೆ ಯಾರೂ ಜವಾಬ್ದಾರರಲ್ಲ.

ಹಾಗಾಗಿ ಕಂಪನಿ ಕಾವಲನ್ನು ದುಡ್ಡು ಕೊಟ್ಟು ಕೊಂಡಿತು. 1905ರ ಒಪ್ಪಂದದಂತೆ ಬಾವಿಗಳಿದ್ದ ಬೆಟ್ಟಗಳ ಬಖ್ತಿಯಾರಿ ಬುಡಕಟ್ಟಿನ ಖಾನರಿಗೆ ವರ್ಷಕ್ಕೆ 2,000 ಪೌಂಡ್ ಮತ್ತು ಶೇ. 3ರಷ್ಟು ಪಾಲು. 1909ರಲ್ಲಿ ಅಬಾದಾನ್ ಪಕ್ಕದ ಮೊಹಮ್ಮರಾದ ಅರಬ್ ದೊರೆ ಶೇಖ್ ಖಜಲ್‌ಗೆ ಅಬಾದಾನ್ ನೆಲದ ಬಾಡಿಗೆ ವರ್ಷಕ್ಕೆ 650 ಪೌಂಡ್. ಅಗ್ಗದ ಏರ್ಪಾಡು, ಶಾಂತಿ ಇದ್ದಷ್ಟು ದಿನ ನಡೆಯಿತು. ತುರ್ಕರು ಜಿಹಾದ್ ಸಾರಿದ ಮೇಲೆ, 1915ರ ಫೆಬ್ರವರಿಯಲ್ಲಿ, ಶೇಖ್‌ನ ಅಧೀನದಲ್ಲೇ ಇದ್ದ ಬಾವಿ ಬುಡಕಟ್ಟಿನವರು ಕೊಳವೆ ಒಡೆದರು (ನಮ್ಮ ‘ಬಾವಿ’ಗೂ ಆ ಹೆಸರಿಗೂ ಸಂಬಂಧವಿಲ್ಲ). ದುಡ್ಡು ತಲುಪುತ್ತಿದ್ದದ್ದು ನಾಯಕನಿಗೆ, ಗುದ್ದಲಿ ಇದ್ದದ್ದು ಬೇರೆಯವರ ಕೈಯಲ್ಲಿ. ಎಣ್ಣೆ ಮತ್ತೆ ಸರಿಯಾಗಿ ಹರಿದದ್ದು ಜೂನ್‌ನಲ್ಲಿ. ಆ ಪ್ರದೇಶದಿಂದ ತುರ್ಕರನ್ನು ಓಡಿಸಿ ಬುಡಕಟ್ಟುಗಳನ್ನು ಹತೋಟಿಗೆ ತರಲು ಜನರಲ್ ಗೋರಿಂಜ್‌ನ 12ನೇ ಡಿವಿಷನ್ ಹೋಗಬೇಕಾಯಿತು.

ಇರಾಕಿನ ಕಿರ್ಕುಕ್‌ನಿಂದ ಪ್ಯಾಲೆಸ್ಟೈನಿನ ಹೈಫಾ ಬಂದರಿಗೆ ಹೋಗುತ್ತಿದ್ದ 12 ಇಂಚಿನ ಕೊಳವೆಯದೂ ಇದೇ ಪಾಡು. ಪ್ಯಾಲೆಸ್ಟೈನ್‌ನಲ್ಲಿ ಬ್ರಿಟಿಷರ ವಿರುದ್ಧ ಅರಬರು ದಂಗೆಯೆದ್ದ ಕಾಲದಲ್ಲಿ ರಾತ್ರಿ ಬಂದವರು ಮಣ್ಣು ಸರಿಸಿ, ಕೊಳವೆಗೆ ಗುಂಡು ಹೊಡೆದು, ಸೋರಿದ ಎಣ್ಣೆಗೆ ಬೆಂಕಿ ಇಡುತ್ತಿದ್ದರು. ಅಷ್ಟು ದಪ್ಪದ ಕೊಳವೆಯ ಒಂದು ಕಿ.ಮೀ.ನಲ್ಲಿ 70 ಸಾವಿರ ಲೀಟರ್‌ಗೂ ಹೆಚ್ಚು ಎಣ್ಣೆ ನಿಂತಿರುತ್ತದೆ. ಮೀಟರಿನಲ್ಲಿ ಒತ್ತಡ ಇಳಿದದ್ದು ಕಂಡು ವಾಲ್ವ್ ಮುಚ್ಚಿದರೂ ಆ ತುಂಡಿನೊಳಗಿನದ್ದು ಉರಿಯುತ್ತಲೇ ಇರುತ್ತದೆ. 1938ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಆರ್ಡ್ ವಿಂಗೇಟ್ ಠಾಣೆಯಲ್ಲಿ ಕೂರುವುದನ್ನು ಬಿಟ್ಟು, ಬ್ರಿಟಿಷ್ ಸೈನಿಕರು ಮತ್ತು ಯಹೂದಿಗಳನ್ನು ಸೇರಿಸಿದ ಸಣ್ಣ ತಂಡಗಳನ್ನು ರಾತ್ರಿ ಹೊಂಚಿಗೆ ಕಳಿಸಿದರು. ದಾಳಿಗಳು ಕಡಿಮೆಯಾದವು. ಆ ತಂಡಗಳು ಹಳ್ಳಿಗರ ಮೇಲೆ ನಡೆಸಿದ ಕ್ರೌರ್ಯವೂ ದಾಖಲಾಗಿದೆ.

ಪ್ರಶ್ನೆ: 1941ರಲ್ಲಿ ಅಬಾದಾನ್ ಒಂದೇ ದಿನದಲ್ಲಿ ಬ್ರಿಟಿಷರ ಕೈಗೆ ಬಂತು. 1951ರಲ್ಲಿ ಯಾಕೆ ಆಗಲಿಲ್ಲ?

ಉತ್ತರ: 1941ರ ಆಗಸ್ಟ್ 25ರ ನಸುಕಿನಲ್ಲಿ ಏನೇನು ಕೈಯಲ್ಲಿತ್ತು ನೋಡಿ. 8ನೇ ಭಾರತೀಯ ಡಿವಿಷನ್‌ನ ಒಂದು ಬ್ರಿಗೇಡ್ ಬಸ್ರಾದಿಂದ ರಾತ್ರಿ ದೋಣಿಗಳಲ್ಲಿ ನದಿ ಇಳಿದು ನೇರ ಅಬಾದಾನ್ ಜೆಟ್ಟಿಗೆ ಬಂತು. ಅಲ್ಲಿ ಕಟ್ಟಿದ್ದ ಇರಾನಿ ಯುದ್ಧನೌಕೆ ಪಲಂಗ್ ಅನ್ನು ಬ್ರಿಟಿಷ್ ನೌಕೆ ಶೋರ್‌ಹ್ಯಾಮ್ ಮುಳುಗಿಸಿತು. ಒಳನಾಡಿನ ತೈಲಕ್ಷೇತ್ರ ಹಫ್ತ್ ಕೇಲ್‌ಗೆ ಒಂದು ಕಂಪನಿ ಸೈನಿಕರನ್ನು ವಿಮಾನದಲ್ಲಿ ಇಳಿಸಿ ತೈಲ ಕಂಪನಿಯ ನೌಕರರಿಗೆ ಕಾವಲು ಒದಗಿಸಿದರು. ಉತ್ತರದಲ್ಲಿ ಜನರಲ್ ಸ್ಲಿಮ್‌ರ 10ನೇ ಭಾರತೀಯ ಡಿವಿಷನ್ ನಫ್ತ್-ಇ-ಶಾ ತೈಲಕ್ಷೇತ್ರವನ್ನು ಹಿಡಿಯಿತು. ಬಸ್ರಾ ನೆಲೆ ನಾಲ್ಕು ತಿಂಗಳಿಂದ ಸಿದ್ಧವಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ರಷ್ಯನ್ನರು ಅದೇ ದಿನ ಉತ್ತರದಿಂದ ಜೊತೆಗಾರರಾಗಿ ಒಳಬರುತ್ತಿದ್ದರು.

ಇದರಲ್ಲಿ 1951ಕ್ಕೆ ಉಳಿದದ್ದೇನು? 1946ರ ಅಬಾದಾನ್ ಮುಷ್ಕರದ ಹೊತ್ತಿಗೂ ಬ್ರಿಟಿಷರು ಭಾರತದಿಂದಲೇ ಒಂದು ಬ್ರಿಗೇಡ್ ತರಿಸಿ ಬಸ್ರಾದಲ್ಲಿ ನಿಲ್ಲಿಸಿದ್ದರು. 1947ರ ನಂತರ ಆ ಬಾಗಿಲು ಮುಚ್ಚಿತು. ಬ್ರಿಟಿಷ್ ಯೋಜನಾಕಾರರು ಇದನ್ನು ಅರಗಿಸಿಕೊಳ್ಳಲು ತಡಮಾಡಿದರು ಎಂದೇ ನಮ್ಮ ಅಭಿಪ್ರಾಯ. ನಕ್ಷೆ ಹಳೆಯದೇ ಇತ್ತು, ಅದನ್ನು ನಡೆಸುವ ಸೈನ್ಯ ಬೇರೆ ದೇಶದ್ದಾಗಿತ್ತು.

ಇರಾನಿನ ಪ್ರಧಾನಿ ಮೊಸಾದೆಕ್‌ರ ಸರ್ಕಾರ ತೈಲವನ್ನು ರಾಷ್ಟ್ರೀಕರಣ ಮಾಡಿದಾಗ ಎರಡು ಯೋಜನೆಗಳು ತಯಾರಾದವು: ಬ್ರಿಟಿಷ್ ಪ್ರಜೆಗಳನ್ನು ಹೊರತರಲು ‘ಮಿಜೆಟ್’, ಅಬಾದಾನ್ ದ್ವೀಪವನ್ನು ಹಿಡಿಯಲು ‘ಬಕನಿಯರ್’. 16ನೇ ಪ್ಯಾರಾಚೂಟ್ ಬ್ರಿಗೇಡನ್ನು ಸೈಪ್ರಸ್‌ಗೆ ತಂದರು. ಮಾರಿಷಸ್ ಎಂಬ ಕ್ರೂಸರ್ ನೌಕೆ ಅಬಾದಾನ್ ಎದುರಿಗೆ ಬಂದು ನಿಂತಿತು. ದ್ವೀಪ ಹಿಡಿಯಲು ಇಷ್ಟು ಸಾಕಾಗುತ್ತಿತ್ತೋ ಏನೋ, ಆದರೆ ಹಿಡಿದ ಮೇಲೆ? ಬಾವಿಗಳು ಒಳನಾಡಿನ ಬೆಟ್ಟಗಳಲ್ಲಿವೆ. ಇರಾನಿಗಳು ಅಲ್ಲಿ ವಾಲ್ವ್ ತಿರುಗಿಸಿದರೆ ರಿಫೈನರಿಗೆ ಬರುವುದು ಬರೀ ಗಾಳಿ. ದಿನಕ್ಕೆ ಸುಮಾರು 5 ಲಕ್ಷ ಬ್ಯಾರೆಲ್ ನುಂಗುವ ಯಂತ್ರಕ್ಕೆ ಕುವೈತ್‌ನಿಂದ ಟ್ಯಾಂಕರಿನಲ್ಲಿ ಕಚ್ಚಾ ತೈಲ ತಂದು ಸುರಿಯಬೇಕು. ಕೆಲಸಕ್ಕೆ ಬೇಕಾದ ಹತ್ತಾರು ಸಾವಿರ ಇರಾನಿ ಕಾರ್ಮಿಕರು ಬಂದೂಕಿನ ನೆರಳಲ್ಲಿ ಗೇಟಿನೊಳಗೆ ಬರಬೇಕು. ಮೇಲಾಗಿ 1921ರ ಸೋವಿಯತ್-ಪರ್ಷಿಯನ್ ಒಪ್ಪಂದದ 6ನೇ ವಿಧಿ: ಮೂರನೆಯ ದೇಶವೊಂದು ಪರ್ಷಿಯಾವನ್ನು ರಷ್ಯಾ ವಿರುದ್ಧದ ನೆಲೆಯಾಗಿ ಬಳಸಲು ಹೊರಟರೆ ಸೋವಿಯತ್ ಸೈನ್ಯ ಒಳಬರಬಹುದು. ದಕ್ಷಿಣದಲ್ಲಿ ಬ್ರಿಟಿಷರು ಇಳಿದರೆ ಉತ್ತರದಲ್ಲಿ ಮಾಸ್ಕೋ ಇದೇ ವಿಧಿಯನ್ನು ಮುಂದೊಡ್ಡಬಹುದೆಂಬ ಭಯ ಅಮೆರಿಕಕ್ಕಿತ್ತು.

ಬ್ರಿಟಿಷ್ ವಿದೇಶಾಂಗ ಸಚಿವ ಮಾರಿಸನ್ ಬಲಪ್ರಯೋಗದ ಕಡೆಗಿದ್ದರು. ಅಮೆರಿಕ ಜೊತೆಗೆ ನಿಲ್ಲುವುದಿಲ್ಲ ಎಂಬುದು ಖಚಿತವಾದ ಮೇಲೆ, ಸೆಪ್ಟೆಂಬರ್ 27ರ ಸಂಪುಟ ಸಭೆಯಲ್ಲಿ ಪ್ರಧಾನಿ ಆಟ್ಲಿ ಆ ದಾರಿ ಬೇಡವೆಂದರು. ಅಕ್ಟೋಬರ್ ಮೊದಲ ವಾರದಲ್ಲಿ ಉಳಿದಿದ್ದ ಸುಮಾರು 300 ಬ್ರಿಟಿಷ್ ನೌಕರರನ್ನು ಹತ್ತಿಸಿಕೊಂಡು ಅದೇ ಮಾರಿಷಸ್ ಬಸ್ರಾದ ಕಡೆ ಹೊರಟಿತು.

ಪ್ರಶ್ನೆ: ಕಾಯಲು ಆಗುವುದೇ ಇಲ್ಲ ಎನಿಸಿದರೆ ಏನು ಮಾಡುತ್ತಿದ್ದರು?

ಉತ್ತರ: ಶತ್ರುವಿಗೆ ಸಿಗದಂತೆ ಕೆಡಿಸುತ್ತಿದ್ದರು. ಇಲ್ಲಿ ಅನೇಕರು ತಪ್ಪು ತಿಳಿಯುವುದು ಬೆಂಕಿಯ ವಿಷಯದಲ್ಲಿ. ಬೆಂಕಿ ನೋಡಲು ಭಯಂಕರ, ಆದರೆ ಟ್ಯಾಂಕು ಸುಟ್ಟರೆ ಹೊಸದು ಕಟ್ಟಬಹುದು. ಬಾವಿಯನ್ನು ಕೆಡಿಸುವುದೇ ನಿಜವಾದ ಪೆಟ್ಟು: ಒಳಗಿನ ಕೊಳವೆ ಎಳೆದು, ಕಬ್ಬಿಣದ ಗುಜರಿ ತುಂಬಿ, ಮೇಲೆ ಸಿಮೆಂಟ್ ಸುರಿದು ಬಿಟ್ಟರೆ, ಬಂದವರು ಅದನ್ನು ಕೊರೆದು ತೆಗೆಯಬೇಕು, ಇಲ್ಲವೇ ಪಕ್ಕದಲ್ಲಿ ಹೊಸ ಬಾವಿ ತೋಡಬೇಕು. ಬರ್ಮಾದ ಯೆನಾಂಜಾಂಗ್‌ನಲ್ಲಿ 1942ರ ಏಪ್ರಿಲ್‌ನಲ್ಲಿ, ಜಪಾನೀಯರು ಮುನ್ನುಗ್ಗಿ ಬರುತ್ತಿದ್ದಾಗ, ಕ್ಷೇತ್ರವನ್ನು ಹೀಗೆ ಕೆಡಿಸಿದರು. ವಿದ್ಯುತ್ ಸ್ಥಾವರವನ್ನು ಉಡಾಯಿಸುವುದನ್ನು ಕೊನೆಗೆ ಇಟ್ಟುಕೊಂಡಿದ್ದರು.

ಇದರಲ್ಲಿ ಎಡವುವುದು ಸಮಯದಲ್ಲಿ. ಬೇಗ ಕೆಡಿಸಿದರೆ ಹಿಮ್ಮೆಟ್ಟುವ ನಿಮ್ಮದೇ ಲಾರಿಗಳಿಗೆ ಪೆಟ್ರೋಲ್ ಇಲ್ಲ, ತಡಮಾಡಿದರೆ ಎಲ್ಲವೂ ಶತ್ರುವಿನ ಪಾಲು. ಕುವೈತ್‌ನಲ್ಲಿ ಈ ಗೊಂದಲ ಇರಲಿಲ್ಲ. 1938ರಲ್ಲಿ ಬುರ್ಗಾನ್‌ನಲ್ಲಿ ಎಣ್ಣೆ ಸಿಕ್ಕಿತ್ತು, ರಫ್ತು ಶುರುವಾಗಿರಲಿಲ್ಲ. 1942ರಲ್ಲಿ ಬಾವಿಗಳಿಗೆ ಸಿಮೆಂಟ್ ಹಾಕಿ ಮುಚ್ಚಿದರು. ಮೊದಲ ಟ್ಯಾಂಕರ್ ಅಲ್ಲಿಂದ ಹೊರಟದ್ದು 1946ರ ಜೂನ್ 30ರಂದು.