ಡ್ರಿಲ್ ಹಿಡಿಯುವ ಮೊದಲು ವ್ಯಾನಿನ ಕೆಳಗೆ ಬಗ್ಗಿ ನೋಡಿ

ಪ್ರಶ್ನೆ: ನಾನು ಪ್ಲಂಬರ್. ಬಳಸಿದ ಸಣ್ಣ ಕಾರ್ಗೋ ವ್ಯಾನ್ ಕೊಂಡಿದ್ದೇನೆ. ಹಿಂದೆ ಪ್ಲೈವುಡ್ ನೆಲ ಹಾಕಿ, ಎರಡೂ ಪಕ್ಕ ಶೆಲ್ಫ್ ಕೂರಿಸಬೇಕು. ನೆಲದ ತಗಡಿಗೆ ನೇರವಾಗಿ ಸ್ಕ್ರೂ ಹೊಡೆಯಬಹುದಾ?

ದಯವಿಟ್ಟು ಹೊಡೆಯಬೇಡಿ. ನಾನು ಮರಗೆಲಸದವನು, ಹನ್ನೊಂದು ವರ್ಷದಿಂದ ಒಂದೇ ವ್ಯಾನ್ ಓಡಿಸುತ್ತಿದ್ದೇನೆ. ತಂದ ಮೊದಲ ವಾರವೇ ನೆಲಕ್ಕೆ ಹದಿನಾಲ್ಕು ಸ್ಕ್ರೂ ಹೊಡೆದೆ. ಮೂರು ವರ್ಷದ ಮೇಲೆ ಪ್ಲೈ ಎತ್ತಿದರೆ ಒದ್ದೆ ಮರದ ಮುಗ್ಗಲು ವಾಸನೆ. ಪ್ರತಿ ತೂತಿನ ಸುತ್ತ ಕಂದು ಬಣ್ಣದ ಉಂಗುರ. ಬೆರಳಿಟ್ಟು ಒತ್ತಿದರೆ ತಗಡು ಚಕ್ಕೆ ಚಕ್ಕೆಯಾಗಿ ಎದ್ದು ಬಂತು. ಟಾರ್ಚ್ ಹಿಡಿದು ಗಾಡಿ ಕೆಳಗೆ ಮಲಗಿ ನೋಡಿದೆ. ಒಂದು ಸ್ಕ್ರೂವಿನ ಮೊನೆಗೂ ಇಂಧನದ ಪೈಪಿಗೂ ನಡುವೆ ಒಂದು ಬೆರಳಿನ ಜಾಗ, ಅಷ್ಟೇ. ಅವತ್ತು ರಾತ್ರಿ ನಿದ್ದೆ ಹತ್ತಲಿಲ್ಲ.

ತೂತು ಕೊರೆದಾಗ ಅಲ್ಲಿನ ಬಣ್ಣ ಹೋಗುತ್ತದೆ. ಪ್ಲೈ ಕೆಳಗೆ ಸೇರಿದ ನೀರು ಬೇಗ ಒಣಗುವುದಿಲ್ಲ, ತುಕ್ಕು ಅಲ್ಲಿಂದಲೇ ಶುರು. ನೆಲದ ಕೆಳಗೆ ಬ್ರೇಕ್ ಪೈಪು, ವೈರಿಂಗ್, ಟ್ಯಾಂಕು ಎಲ್ಲ ಇರುತ್ತವೆ. ಮೇಲಿನಿಂದ ಯಾವುದೂ ಕಾಣುವುದಿಲ್ಲ, ಅಲ್ವಾ? ಸಾಮಾನು ಕಟ್ಟಲು ಕಂಪನಿಯವರೇ ನೆಲದಲ್ಲಿ ಕೊಕ್ಕೆಗಳನ್ನು ಕೊಟ್ಟಿರುತ್ತಾರೆ. ಅವನ್ನು ಬಿಚ್ಚಿ, ಅದೇ ಬೋಲ್ಟ್ ತೂತುಗಳಲ್ಲಿ ಪ್ಲೈ ಬಿಗಿಯಿರಿ. ಪ್ಲೈ ದಪ್ಪಕ್ಕೆ ತಕ್ಕಂತೆ ಬೋಲ್ಟ್ ಸ್ವಲ್ಪ ಉದ್ದದ್ದು ಬೇಕು. ಕೊರೆಯಲೇಬೇಕಾದ ಕಡೆ ಕೆಳಗೆ ಹೋಗಿ ನೋಡಿ, ಆಮೇಲೆ ಕೊರೆಯಿರಿ. ತೂತಿನ ಅಂಚಿಗೆ ಕೂಡಲೇ ಪ್ರೈಮರ್ ಹಚ್ಚಿ.

ಪ್ಲೈ 9 ಅಥವಾ 12 ಮಿ.ಮೀ. ಸಾಕು. ಗಟ್ಟಿ ಇರಲಿ ಅಂತ ನಾನು 18ರದ್ದು ಹಾಕಿದ್ದೆ. ಎಂಟು ಅಡಿ ನಾಲ್ಕಡಿಯ ಒಂದು ಹಾಳೆಯೇ ಸುಮಾರು 35 ಕೆ.ಜಿ. ತೂಗುತ್ತದೆ. ಶೆಲ್ಫು, ಡ್ರಾಯರು, ಬಾಗಿಲು ಅಂತ ಸೇರಿಸುತ್ತಾ ಹೋದರೆ ಸಾಮಾನು ಹೊರುವ ತಾಕತ್ತನ್ನು ಮರವೇ ತಿಂದುಬಿಡುತ್ತದೆ. ಕಂಪನಿಯವರು ಗಾಡಿಗೆ ಹಚ್ಚಿದ ಮಾಹಿತಿ ಫಲಕದಲ್ಲಿ ಒಟ್ಟು ತೂಕದ ಮಿತಿ ಬರೆದಿರುತ್ತದೆ. ಕೆಲಸ ಮುಗಿದ ಮೇಲೆ, ಸಲಕರಣೆ ತುಂಬಿ, ನೀವೂ ಕೂತು ವೇಬ್ರಿಡ್ಜಿನಲ್ಲಿ ಒಮ್ಮೆ ತೂಗಿಸಿ.

ನಿಮ್ಮದು ಕಬ್ಬಿಣದ ಪೈಪು, ಫಿಟ್ಟಿಂಗಿನ ಕೆಲಸ. ಭಾರದ್ದೆಲ್ಲ ಕೆಳಗಿರಲಿ, ಡ್ರೈವರ್ ಹಿಂದಿನ ಗೋಡೆಗೆ ಒತ್ತಿಕೊಂಡಿರಲಿ. ಹಿಂಬಾಗಿಲ ಹತ್ತಿರ ಪೇರಿಸಿದರೆ ಮುಂದಿನ ಚಕ್ರ ಹಗುರವಾಗಿ ಸ್ಟೀರಿಂಗ್ ಹಿಡಿತ ಕಡಿಮೆಯಾಗುತ್ತದೆ. ಯುರೋಪಿನಲ್ಲಿ ಸಾಮಾನು ಕಟ್ಟುವ ಲೆಕ್ಕಕ್ಕೆ ಒಂದು ಮಾನದಂಡ ಇದೆ: ಮುಂದಕ್ಕೆ ಜಾರದಂತೆ ಸಾಮಾನಿನ ತೂಕದ ಶೇ. 80ರಷ್ಟು ಬಲ, ಪಕ್ಕಕ್ಕೂ ಹಿಂದಕ್ಕೂ ಶೇ. 50ರಷ್ಟು ಬಲ ತಡೆಯಬೇಕು. 20 ಕೆ.ಜಿ. ಟೂಲ್ ಬಾಕ್ಸನ್ನು ಸುಮ್ನೆ ಇಟ್ಟು ಜೋರಾಗಿ ಬ್ರೇಕ್ ಹಾಕಿದರೆ ಅದು ನಿಮ್ಮ ಬೆನ್ನಿಗೇ ಬರುತ್ತದೆ.

ಇನ್ನೊಂದು ಮಾತು. ಶೆಲ್ಫ್ ಕೂರಿಸುವ ಮೊದಲು ಒಂದು ತಿಂಗಳು ವ್ಯಾನನ್ನು ಹಾಗೇ ಓಡಿಸಿ. ಯಾವ ಸಾಮಾನಿಗೆ ದಿನಕ್ಕೆ ಎಷ್ಟು ಸಲ ಕೈ ಹೋಗುತ್ತದೆ, ಪಕ್ಕದ ಬಾಗಿಲು ಜಾಸ್ತಿ ತೆಗೆಯುತ್ತೀರಾ, ಹಿಂದಿನದಾ ಅನ್ನುವುದು ಗೊತ್ತಾಗುತ್ತದೆ. ನನ್ನ ಮೊದಲ ಶೆಲ್ಫು ಪಕ್ಕದ ಬಾಗಿಲಿಗೆ ಅಡ್ಡ ಬಂದು, ಕಿತ್ತು ಮತ್ತೆ ಮಾಡಿದೆ.

ಪ್ರಶ್ನೆ: ಹಿಂದೆ ಲೈಟು, ಫ್ಯಾನಿಗೆ ಬೇರೆ ಬ್ಯಾಟರಿ ಇಡಬೇಕಾ?

ಇಂಜಿನ್ ಆಫ್ ಮಾಡಿ ಗಂಟೆಗಟ್ಟಲೆ ಬಳಸುವುದಾದರೆ ಇಡಿ. ಸ್ಟಾರ್ಟ್ ಮಾಡುವ ಬ್ಯಾಟರಿಯನ್ನು ಪದೇ ಪದೇ ಖಾಲಿ ಮಾಡಿದರೆ ಅದು ಬೇಗ ಸಾಯುತ್ತದೆ. ಲೆಡ್ ಆಸಿಡ್ ಬ್ಯಾಟರಿ 100 ಆಂಪಿಯರ್-ಅವರ್ (Ah) ಸಾಮರ್ಥ್ಯದ್ದಾದರೆ ಅದರಲ್ಲಿ ಅರ್ಧದಷ್ಟೇ ಬಳಸಿ. ಪ್ಲಸ್ ವೈರಿಗೆ ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಇರಲಿ. ದೂರ ಇಟ್ಟರೆ ನಡುವಿನ ವೈರ್ ತಗಡಿಗೆ ಉಜ್ಜಿ ಶಾರ್ಟ್ ಆದಾಗ ಫ್ಯೂಸ್ ಹಾರುವುದಿಲ್ಲ, ಬೆಂಕಿ ಹತ್ತುತ್ತದೆ. ತಗಡಿನ ತೂತಿನಲ್ಲಿ ವೈರ್ ಹಾಯಿಸುವಾಗ ರಬ್ಬರ್ ಗ್ರಾಮೆಟ್ (ತೂತಿನ ಅಂಚಿಗೆ ಕೂರಿಸುವ ಬಳೆ) ಮರೆಯಬೇಡಿ.

ಪ್ರಶ್ನೆ: ವ್ಯಾನಿನಲ್ಲೇ ಮಲಗುತ್ತೇನೆ. ಬೆಳಿಗ್ಗೆ ಹಾಸಿಗೆಯ ಅಡಿ ಒದ್ದೆ. ಎಲ್ಲೂ ಸೋರುತ್ತಿಲ್ಲ.

ಅದು ನಿಮ್ಮ ಉಸಿರಿನ, ಬೆವರಿನ ನೀರು. ತಣ್ಣಗಿನ ಜಾಗಕ್ಕೆ ತಾಗಿ ಹನಿಯಾಗುತ್ತದೆ. ಹಾಸಿಗೆ ಕೆಳಗೆ ಸಂದು ಬಿಟ್ಟ ಪಟ್ಟಿಗಳನ್ನು ಹಾಕಿ, ಗಾಳಿ ಆಡಲಿ. ಎರಡು ಕಡೆ ಕಿಟಕಿ ಸ್ವಲ್ಪ ತೆರೆದಿಡಿ. ಚಳಿ ಅಂತ ಒಳಗೆ ಗ್ಯಾಸ್ ಒಲೆ ಹಚ್ಚಿಕೊಂಡು ಮಾತ್ರ ಯಾವತ್ತೂ ಮಲಗಬೇಡಿ. ಒಲೆ ಉರಿದಾಗ ಬರಬಹುದಾದ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಾನಿಲಕ್ಕೆ ವಾಸನೆಯೇ ಇಲ್ಲ. ಅದನ್ನು ಪತ್ತೆ ಹಚ್ಚುವ ಅಲಾರಂ ಒಂದನ್ನು ಇವತ್ತೇ ತಂದು ಹಾಕಿ.