ಹುಮ್ಮಸ್ಸಿಗೆ ಕಾಯಬೇಡ, ಮಳೆ ಪುಸ್ತಕ ತೆಗೆ

ಪ್ರಶ್ನೆ: ಅಕ್ಕಾ, ನಮ್ಮ ಮನೆ ಕೊಡಗಿನ ನಾಪೋಕ್ಲು ಹತ್ತಿರ. ಬಿ.ಕಾಂ. ಮುಗಿಸಿ ಮನೆಯಲ್ಲೇ ಪೈಥಾನ್ ಪ್ರೋಗ್ರಾಮಿಂಗ್ ಕಲಿಯುತ್ತಿದ್ದೇನೆ. ಒಂದು ಕೋರ್ಸ್ ಅರ್ಧಕ್ಕೆ ಬಿಟ್ಟು ಇನ್ನೊಂದು ಹಿಡಿಯುವುದೇ ಆಗಿದೆ. ಅರ್ಜಿ ಹಾಕಿದರೆ ಉತ್ತರವೇ ಇಲ್ಲ. ಮಳೆಗಾಲದಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ, ಕಾಫಿ ಕುಯ್ಲು ಶುರುವಾದರೆ ಪುರುಸೊತ್ತಿಲ್ಲ. ಮದುವೆಮನೆಗೆ ಹೋದರೆ ಎಲ್ಲರದ್ದೂ ಒಂದೇ ಪ್ರಶ್ನೆ. ಹುಮ್ಮಸ್ಸೇ ಹೋಗಿದೆ, ಏನು ಮಾಡಲಿ?

ಉತ್ತರ: ಹೋಗದೆ ಇನ್ನೇನಾಗುತ್ತದೆ ತಂಗಿ? ಕೋರ್ಸ್‌ಗಳಲ್ಲಿ ಅಭ್ಯಾಸಕ್ಕೆ ಕೊಡುವುದೆಲ್ಲ ಯಾರದೋ ಲೆಕ್ಕ. ಟೈಟಾನಿಕ್ ಹಡಗಿನ ಪ್ರಯಾಣಿಕರ ಪಟ್ಟಿ, ಇಲ್ಲವೇ 150 ಐರಿಸ್ ಹೂಗಳ ಎಸಳಿನ ಅಳತೆ. ಆ ಹೂವಿನ ಪಟ್ಟಿ 1936ರದ್ದು! ಅದರ ಉತ್ತರ ಯಾರಿಗೂ ಬೇಕಿಲ್ಲ, ನಿನಗೂ ಬೇಕಿಲ್ಲ.

ನಿಮ್ಮ ಮನೆಯಲ್ಲಿ ಮಳೆ ಲೆಕ್ಕದ ಪುಸ್ತಕ ಇರಬೇಕಲ್ವಾ? ತೋಟ ಇರುವ ಎಷ್ಟೋ ಮನೆಗಳಲ್ಲಿ ಇರುತ್ತದೆ. ಅದನ್ನು ತೆಗೆದು ಟೈಪ್ ಮಾಡಲು ಕೂರು. ಮೊದಲ ಪುಟದಲ್ಲೇ ತಲೆಬಿಸಿ ಶುರುವಾಗುತ್ತದೆ. ಇಂಚಿನ ನೂರನೇ ಒಂದು ಭಾಗ ಒಂದು ಸೆಂಟ್; 1 ಇಂಚು 40 ಸೆಂಟ್ ಅಂದರೆ 1.40 ಇಂಚು, 25.4ರಿಂದ ಗುಣಿಸಿದರೆ 35.56 ಮಿ.ಮೀ., ಅದು ಸುಲಭ. ಆದರೆ ಅಜ್ಜ ಬರೀ '1-4' ಅಂತ ಬರೆದಿದ್ದರೆ ಅದು 4 ಸೆಂಟೋ 40 ಸೆಂಟೋ? ಖಾಲಿ ಬಿಟ್ಟ ದಿನ ಮಳೆಯೇ ಬಂದಿಲ್ಲವೋ, ಬರೆಯಲು ಮರೆತರೋ? ಖಾಲಿ ಜಾಗಕ್ಕೆ ಸುಮ್ನೆ ಸೊನ್ನೆ ತುಂಬಿದರೆ ಇಡೀ ವರ್ಷದ ಲೆಕ್ಕ ಕೆಡುತ್ತದೆ. ಕಂಪನಿಗಳಲ್ಲಿ ಡೇಟಾ ಕೆಲಸ ಅಂತ ಸಂಬಳ ಕೊಡುವುದು ಜಾಸ್ತಿ ಇಂಥ ತಲೆಬಿಸಿಗೇ.

ಇದಕ್ಕೆ ನೆಟ್ ಬೇಡ. ಮಾಹಿತಿ ಜೋಡಿಸಿಡುವ ಎಸ್‌ಕ್ಯೂಲೈಟ್ ಅನ್ನುವ ಸಾಫ್ಟ್‌ವೇರ್ ಸಾಮಾನ್ಯವಾಗಿ ಪೈಥಾನ್ ಜೊತೆಗೇ ಬರುತ್ತದೆ, ಪೂರ್ತಿ ಡೇಟಾಬೇಸ್ ಒಂದೇ ಫೈಲಿನಲ್ಲಿ ಕೂರುತ್ತದೆ, ಲ್ಯಾಪ್‌ಟಾಪಿನಲ್ಲಿ ಚಾರ್ಜ್ ಇದ್ದರೆ ಸಾಕು. ಆಮೇಲೆ ಪ್ರತಿವರ್ಷ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಯಾವತ್ತು ಬಂತು ಅಂತ ತೆಗೆದು ಅಪ್ಪನಿಗೆ ತೋರಿಸು. ಅವರು ಅಷ್ಟಕ್ಕೇ ಬಿಡುವುದಿಲ್ಲ. 2018ರ ಆಗಸ್ಟ್‌ನಲ್ಲಿ ಎಷ್ಟಿತ್ತು, ಹಿಂದಿನ ವರ್ಷ ಎಷ್ಟಿತ್ತು ಅಂತ ಕೇಳುತ್ತಾರೆ, ಉತ್ತರ ಕೊಡಲಿಕ್ಕೆ ನೀನು ಮತ್ತೆ ಕೂರಲೇಬೇಕು. ಯಾವ ಸರ್ಟಿಫಿಕೇಟೂ ಹೀಗೆ ಕೂರಿಸುವುದಿಲ್ಲ. ಮಳೆ ಪುಸ್ತಕ ಇಲ್ಲದಿದ್ದರೆ ರೊಬಸ್ಟಾ ಚೆರಿ (ಒಣಗಿಸಿದ ಕಾಫಿ ಹಣ್ಣು) ಮಾರಿದ ಚೀಟಿಗಳಾದರೂ ಇರುತ್ತವೆ: 50 ಕೆ.ಜಿ. ಮೂಟೆ, ಔಟ್‌ಟರ್ನ್ (ಮೂಟೆಯಿಂದ ಸಿಗುವ ಕಾಫಿ ಬೀಜ) ಎಷ್ಟು, ದರ ಎಷ್ಟು. ಕುಯ್ಲಿನ ದಿನಗಳಲ್ಲಿ ಮಾತ್ರ ಇದನ್ನೆಲ್ಲ ಬಿಟ್ಟುಬಿಡು. ದಿನವಿಡೀ ತೋಟದಲ್ಲಿ ನಿಂತು ಬಂದವಳಿಗೆ ರಾತ್ರಿ ಕೋಡ್ ತಲೆಗೆ ಹೋಗುವುದಿಲ್ಲ.

ಅರ್ಜಿ ವಿಷಯ. ಮಾಡಿದ್ದನ್ನು ಕೋಡ್ ಹಂಚಿಕೊಳ್ಳುವ ಗಿಟ್‌ಹಬ್ ಜಾಲತಾಣದಲ್ಲಿ ಹಾಕು, ಏನು ಮಾಡಿದೆ, ಎಲ್ಲಿ ಎಡವಿದೆ ಅಂತ ಹತ್ತು ಸಾಲು ಬರೆ. ಬಿ.ಕಾಂ. ಓದಿದ್ದನ್ನು ಮುಚ್ಚಿಡಬೇಡ. ಲೆಕ್ಕಪತ್ರ ಗೊತ್ತಿದ್ದು ಎಸ್‌ಕ್ಯೂಎಲ್ (ಡೇಟಾಬೇಸಿನಿಂದ ಮಾಹಿತಿ ತೆಗೆಯುವ ಭಾಷೆ) ಕೂಡ ಬರುವವರು ಬಿಲ್ಲಿಂಗ್, ಜಿಎಸ್‌ಟಿ ಸಾಫ್ಟ್‌ವೇರ್ ಮಾಡುವ ಕಂಪನಿಗಳಿಗೆ ಬೇಕು. ಸಪೋರ್ಟ್, ಟೆಸ್ಟಿಂಗ್ ಕೆಲಸಕ್ಕೂ ಅರ್ಜಿ ಹಾಕು, ಬರೀ 'ಡೆವಲಪರ್' ಅಂತ ಹುಡುಕುತ್ತಾ ಕೂರಬೇಡ.

ಪ್ರಶ್ನೆ: ಅಕ್ಕಾ, ನಾನು ಕುಶಾಲನಗರದವನು. ಕೆಲಸ ಗ್ಯಾರಂಟಿ ಅಂತ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಇನ್‌ಸ್ಟಿಟ್ಯೂಟ್ ಕೇಳುತ್ತಿರುವ ಫೀಸಿಗೆ ಸಾಲ ಮಾಡಬೇಕು. ಸೇರಲಾ?

ಉತ್ತರ: ಸಾಲ ಬೇಡ. ಐಐಟಿಗಳ ಎನ್‌ಪಿಟಿಇಎಲ್ ಅನ್ನುವ ಆನ್‌ಲೈನ್ ಪಾಠಗಳು ಪುಕ್ಕಟೆ, ಪರೀಕ್ಷೆ ಬರೆದು ಸರ್ಟಿಫಿಕೇಟ್ ಬೇಕು ಅಂದರಷ್ಟೇ ಫೀಸು. ಮೊದಲು ಅದರಲ್ಲಿ ಒಂದನ್ನು ಪೂರ್ತಿ ಮುಗಿಸು. ಆಮೇಲೂ ಸೇರಲೇಬೇಕು ಅನ್ನಿಸಿದರೆ, 'ಗ್ಯಾರಂಟಿ' ಅಂದರೆ ಏನು, ಕೆಲಸ ಸಿಗದಿದ್ದರೆ ದುಡ್ಡು ವಾಪಸ್ ಕೊಡುತ್ತೀರಾ ಅಂತ ಬರಹದಲ್ಲಿ ಕೇಳು.