ವೀರ್ಯಾಣು ಸತ್ತರೆ ರೋಗಾಣುವೂ ಸಾಯುತ್ತದೆಯೇ?

ಆಕೆ ನನ್ನ ಬಳಿ ಬಂದದ್ದು ಯೋನಿಯ ಉರಿಗೆ ಏನಾದರೂ ಮುಲಾಮು ಸಿಗುತ್ತದೆಯೇ ಎಂದು ಕೇಳಲು. ಮೂವತ್ತರ ಆಸುಪಾಸು, ಹೊಸ ಸಂಬಂಧ. (ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.) ಸಂಗಾತಿಗೆ ಕಾಂಡೋಮ್ ಹಿಡಿಸದು. ಹಾಗಾಗಿ ವೀರ್ಯಾಣುನಾಶಕ ಜೆಲ್, ಕೆಲವು ದಿನ ಎರಡು ಮೂರು ಸಲ. ಉರಿ ಶುರುವಾದಾಗ ಒಣಗಿರಬೇಕು ಅಂದುಕೊಂಡು ಇನ್ನಷ್ಟು ಹಚ್ಚಿಕೊಂಡಿದ್ದರು.

“ವೀರ್ಯಾಣುವನ್ನೇ ಕೊಲ್ಲುತ್ತೆ ಅಂದಮೇಲೆ ರೋಗಾಣು ಉಳಿಯುತ್ತಾ ಮೇಡಂ?”

ನಗುವ ಪ್ರಶ್ನೆಯಲ್ಲ ಇದು. ಒಂದು ಕಾಲಕ್ಕೆ ಸಂಶೋಧಕರೂ ಇದೇ ಆಸೆ ಇಟ್ಟುಕೊಂಡಿದ್ದರು. ಇಂಥ ಜೆಲ್‌ಗಳಲ್ಲಿ ಹೆಚ್ಚಾಗಿ ಇರುವುದು ನಾನಾಕ್ಸಿನಾಲ್-9. ಅದು ಮಾರ್ಜಕದ ಜಾತಿಗೆ ಸೇರಿದ್ದು, ವೀರ್ಯಾಣುವಿನ ಹೊರಪೊರೆಯನ್ನು ಹಾಳುಮಾಡುತ್ತದೆ. ಪ್ರಯೋಗಾಲಯದಲ್ಲಿ ಎಚ್‌ಐವಿಯನ್ನೂ ಕೊಂದಿತ್ತು. ಆದರೆ ಬೆನಿನ್, ಐವರಿ ಕೋಸ್ಟ್, ದಕ್ಷಿಣ ಆಫ್ರಿಕಾ ಮತ್ತು ಥಾಯ್ಲೆಂಡ್‌ನ ಲೈಂಗಿಕ ಕಾರ್ಯಕರ್ತೆಯರಲ್ಲಿ ನಡೆದ ಅಧ್ಯಯನದ ಫಲಿತಾಂಶ 2000ದಲ್ಲಿ ಹೊರಬಿದ್ದಾಗ ಲೆಕ್ಕ ತಲೆಕೆಳಗಾಗಿತ್ತು. ಈ ಜೆಲ್ ಬಳಸಿದವರಲ್ಲೇ ಎಚ್‌ಐವಿ ಸೋಂಕು ಹೆಚ್ಚು, ಅದರಲ್ಲೂ ದಿನಕ್ಕೆ ಹಲವು ಸಲ ಬಳಸಿದವರಲ್ಲಿ. ಯೋನಿಯ ಒಳಪದರದ ಕೋಶಗಳಿಗೂ ಪೊರೆಯಿದೆಯಲ್ಲ, ಮಾರ್ಜಕಕ್ಕೆ ಎರಡೂ ಒಂದೇ. ಪದರ ಕಿತ್ತುಹೋದ ಕಡೆ ವೈರಸ್ಸಿಗೆ ದಾರಿ ಸುಲಭ. ಆಕೆಯ ಉರಿಗೂ ಇದೇ ಕಾರಣವಿರಬಹುದು, ಸೋಂಕೂ ಇರಬಹುದು, ಪರೀಕ್ಷಿಸದೆ ಹೇಳಲಾಗದು.

ಜೆಲ್ ಇವತ್ತೇ ನಿಲ್ಲಿಸಿ ಎಂದೆ. ಗುದಸಂಭೋಗಕ್ಕಂತೂ ಅದು ಕೂಡದು, ಅಲ್ಲಿನ ಪದರ ಇನ್ನೂ ನಾಜೂಕು. ಲೈಂಗಿಕ ಸಂಪರ್ಕದಿಂದ ಹರಡುವ ಗೊನೊರಿಯಾ, ಕ್ಲಮಿಡಿಯಾ, ಸಿಫಿಲಿಸ್ ಸೋಂಕುಗಳ ಪರೀಕ್ಷೆ ಬರೆಸಿಕೊಳ್ಳಲು ವೈದ್ಯರ ಬಳಿ ಕಳಿಸಿದೆ. ಎಚ್‌ಐವಿ ಪರೀಕ್ಷೆ ಈಗೊಮ್ಮೆ, ಮೂರು ತಿಂಗಳಿಗೆ ಮತ್ತೊಮ್ಮೆ. ಕೊನೆಯ ಸಂಪರ್ಕವಾಗಿ ಹತ್ತು ದಿನವಾಗಿತ್ತು. 72 ಗಂಟೆಯೊಳಗೆ ಬಂದಿದ್ದರೆ ಎಚ್‌ಐವಿ ತಡೆಯುವ 28 ದಿನಗಳ ಮಾತ್ರೆ ಬೇಕೇ ಎಂದು ವೈದ್ಯರು ಯೋಚಿಸಬಹುದಿತ್ತು. ಗರ್ಭಪರೀಕ್ಷೆಯನ್ನೂ ಸೇರಿಸಿದೆ. ಜೆಲ್ ಒಂದನ್ನೇ ನಂಬಿದವರಲ್ಲಿ ವರ್ಷದೊಳಗೆ ಸುಮಾರು ಐವರಲ್ಲಿ ಒಬ್ಬರಿಗೆ ಗರ್ಭ ನಿಲ್ಲುತ್ತದೆ ಎಂದಾಗ ಆಕೆ ಕುರ್ಚಿಯಲ್ಲಿ ನೆಟ್ಟಗೆ ಕೂತರು.

ಜಾರುವಿಕೆ ಬೇಕೆಂದರೆ ನೀರು ಅಥವಾ ಸಿಲಿಕೋನ್ ಆಧಾರದ ಲೂಬ್ರಿಕೆಂಟ್ ಸಾಕು. ಎಣ್ಣೆ, ವ್ಯಾಸಲಿನ್ ಕಾಂಡೋಮಿನ ರಬ್ಬರನ್ನು (ಲ್ಯಾಟೆಕ್ಸ್) ದುರ್ಬಲಗೊಳಿಸುತ್ತವೆ. ವೀರ್ಯಾಣುನಾಶಕ ಸವರಿದ ಕಾಂಡೋಮ್ ಬದಲು ಸಾದಾದ್ದನ್ನೇ ಕೊಳ್ಳಿ, ಆದರೆ ಕೈಗೆ ಸಿಕ್ಕಿದ್ದು ಅದೊಂದೇ ಆದರೆ ಏನೂ ಇಲ್ಲದ್ದಕ್ಕಿಂತ ಅದು ವಾಸಿ.

“ಕಾಂಡೋಮ್ ಅಂದರೆ ನನ್ನ ಮೇಲೆ ಅನುಮಾನವಾ ಅಂತಾರೆ,” ಎಂದರು ಆಕೆ. ನಿಜವಾದ ಸಮಸ್ಯೆ ಇಲ್ಲಿತ್ತು. ಅರ್ಧ ಗಂಟೆ ಇದನ್ನೇ ಮಾತಾಡಿದೆವು. ‘ಈ ಜೆಲ್‌ನಿಂದ ಒಳಗೆ ಗಾಯವಾಗಬಹುದಂತೆ’ ಎಂದು ಶುರುಮಾಡಿ, ಅದು ಸತ್ಯವೂ ಹೌದು ಎಂದೆ.

ಕ್ಲಮಿಡಿಯಾ ಇತ್ತು. ಮುಂದಿನ ಸಲ ಇಬ್ಬರೂ ಬಂದರು, ಇಬ್ಬರಿಗೂ ಚಿಕಿತ್ಸೆ ನಡೆಯಿತು.